ಬಲಗೈಯ ಬಳೆಗಳು

ಹೋದ ಶ್ರಾವಣದಲ್ಲಿ ಹೊಸದುರ್ಗದ ತಮ್ಮನ ಮನೆಗೆ ಹೋಗಿದ್ದೆ. ಅವನ ಮೊಮ್ಮಗಳಿಗೆ ಏಳು ತಿಂಗಳು ತುಂಬಿ ಸೀಮಂತ ಇಟ್ಟುಕೊಂಡಿದ್ದರು. ನಡುಮನೆಯಲ್ಲಿ ಜಮಖಾನೆ ಹಾಸಿ ಬಳೆಗಾರನನ್ನು ಕೂರಿಸಿದ್ದರು. ಆಳು ಮುದುಕ, ಕೈ ಮಾತ್ರ ಹುಡುಗರದ್ದು. ಮಲಾರ ಬಿಚ್ಚಿ ಹಸಿರು ಗಾಜಿನ ಬಳೆಗಳನ್ನು ಹರಡಿಕೊಂಡು, ಪಕ್ಕದಲ್ಲಿ ಒಂದು ಬಟ್ಟಲು ಸೋಪಿನ ನೀರು ಇಟ್ಟುಕೊಂಡಿದ್ದ. ಕೆಂಪು ಸೋಪು. ಹಿಂದೆ ಆಸ್ಪತ್ರೆಗಳಲ್ಲಿ ಕೈ ತೊಳೆಯಲು ಇಡುತ್ತಿದ್ದರಲ್ಲ, ಅದೇ ಘಾಟು ವಾಸನೆ. ಬಸುರಿಯ ಕೈ ತುಂಬಿಸಿದ ಮೇಲೆ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಕೈ ಕೊಟ್ಟರು. ನನ್ನ ಸರದಿ ಬಂದಾಗ ಅವನು ನನ್ನ ಬಲಗೈ ಹಿಡಿದು ಸೋಪಿನ ನೀರು ಸವರಿದ. ನಾನು ಕೈ ಕಿತ್ತುಕೊಂಡೆ.

ಎಲ್ಲರೂ ನನ್ನ ಕಡೆ ತಿರುಗಿದರು. ಶುಭದ ದಿನ, ಗಂಡ ಗಟ್ಟಿಮುಟ್ಟಾಗಿ ಹೊರಗೆ ಶಾಮಿಯಾನದ ಕೆಳಗೆ ಪೇಪರ್ ಓದುತ್ತ ಕುಳಿತಿದ್ದಾರೆ, ಬಳೆ ಬೇಡ ಅನ್ನುವುದೆಂದರೆ ಏನು? ತಮ್ಮನ ಹೆಂಡತಿ ಜಾಣೆ, ತಕ್ಷಣ ಮಾತು ತೇಲಿಸಿದಳು. ನಮ್ಮತ್ತಿಗೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದವರು, ಬರಿಗೈಯೇ ಅಭ್ಯಾಸವಾಗಿ ಹೋಗಿದೆ ಎಂದು ನಕ್ಕಳು. ನಾನೂ ನಕ್ಕೆ. ಇಷ್ಟು ವರ್ಷ ನಾನೇ ಎಲ್ಲರಿಗೂ ಹೇಳಿಕೊಂಡು ಬಂದ ಸುಳ್ಳು ಅದು, ಅವಳು ನನ್ನಿಂದಲೇ ಕಲಿತದ್ದು.

ನಾನು ಬರೆಯಲು ಹೊರಟಿರುವುದು ಎಪ್ಪತ್ನಾಲ್ಕನೇ ಇಸವಿಯ ಶೇಂಗಾ ಸುಗ್ಗಿಯ ಮಾತು. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬರೆಯುವುದಿಲ್ಲ, ತಪ್ಪು ಊರಿನದಲ್ಲ, ನನ್ನದು. ಅಲ್ಲಿನ ಮಂಡಿ ವರ್ತಕರೂ ರೈತರೂ ಸೇರಿ ಚಂದಾ ಎತ್ತಿ ಒಂದು ಸಣ್ಣ ಆಸ್ಪತ್ರೆ ಕಟ್ಟಿಸಿದ್ದರು. ಇಪ್ಪತ್ತು ಮಂಚ, ಒಬ್ಬ ಡಾಕ್ಟರು, ಇಬ್ಬರು ನರ್ಸು. ನಾನು ಚಿತ್ರದುರ್ಗದ ಪೇಟೆಯ ಹುಡುಗಿ, ಬೆಂಗಳೂರಿನಲ್ಲಿ ನರ್ಸಿಂಗ್ ಓದಿ ಬಂದವಳು. ಅಲ್ಲಿ ಕಾಲಿಟ್ಟ ದಿನವೇ ಗೋಡೆಗೆ ಮೂರು ಬೋರ್ಡು ಬರೆಸಿ ಹಾಕಿಸಿದೆ. ಉಗುಳಬಾರದು, ಗುಂಪುಗೂಡಬಾರದು, ಕಂಬಳಿ ಒಳಗೆ ತರಬಾರದು. ಓದು ಬಾರದ ಜನ ಬೋರ್ಡಿನ ಕೆಳಗೇ ಕಂಬಳಿ ಹಾಸಿ ಗುಂಪಾಗಿ ಕೂತು ಎಲೆಯಡಿಕೆ ಹಾಕಿಕೊಂಡು ಉಗುಳುತ್ತಿದ್ದರು. ನನಗೆ ಪಿತ್ತ ನೆತ್ತಿಗೇರುತ್ತಿತ್ತು.

ಅಪಘಾತ, ಚೇಳು ಕಡಿತ, ಹೆರಿಗೆ ನೋವು, ಹೀಗೆ ಓಡೋಡಿ ಬಂದವರನ್ನೆಲ್ಲ ಮೊದಲು ಮಲಗಿಸುತ್ತಿದ್ದದ್ದು ಬಾಗಿಲ ಪಕ್ಕದ ಕೋಣೆಯಲ್ಲಿ. ಬಾಗಿಲ ಮೇಲೆ ‘ಕ್ಯಾಶುವಾಲ್ಟಿ’ ಎಂದು ಬರೆದಿತ್ತು. ಊರವರು ಅದನ್ನು ಮುಂದಲ ರೂಮು ಅನ್ನುತ್ತಿದ್ದರು. ಎರಡು ಮಂಚ, ಒಂದು ಮೇಜು, ಸಿರಿಂಜು ಕುದಿಸಲು ಸೀಮೆಎಣ್ಣೆ ಸ್ಟೌ, ಜಗಲಿಗೆ ತೆರೆದುಕೊಂಡ ದೊಡ್ಡ ಕಿಟಕಿ. ಕಿಟಕಿಯ ಸರಳಿಗೆ ಸದಾ ಐದಾರು ಮುಖ ಆತುಕೊಂಡಿರುತ್ತಿದ್ದವು. ಆ ಕೋಣೆ ನನ್ನ ಪಾಲಿಗೆ ಬಿಟ್ಟದ್ದು. ಡಾಕ್ಟರು ಎದುರು ಮನೆಯಲ್ಲಿದ್ದರು, ಕರೆದರೆ ಬರುತ್ತಿದ್ದರು. ಒಳ್ಳೆಯ ಮನುಷ್ಯ, ಮಾತು ಕಮ್ಮಿ, ಕಾಗದ ಪತ್ರದ ಭಯ ಜಾಸ್ತಿ.

ಆ ವರ್ಷ ನವರಾತ್ರಿ ಕಳೆದ ಮೇಲೂ ಒಂದೆರಡು ಹದ ಮಳೆ ಬಂತು. ಶೇಂಗಾ ಕೀಳಬೇಕಾದರೆ ನೆಲ ಹಸಿ ಇರಬೇಕು, ಒಣಗಿದರೆ ಬಳ್ಳಿ ಮಾತ್ರ ಕೈಗೆ ಬಂದು ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಹಾಗಾಗಿ ಸುತ್ತಿನ ಹಳ್ಳಿಗಳೆಲ್ಲ ಒಂದೇ ಸಲ ಹೊಲಕ್ಕೆ ಬಿದ್ದವು. ಹಸಿ ಶೇಂಗಾ ಬಳ್ಳಿಯ ವಾಸನೆ ಆಸ್ಪತ್ರೆಯ ಒಳಗೂ ಬರುತ್ತಿತ್ತು. ಮುಂದಲ ರೂಮಿಗೆ ಬರುವವರ ಉಗುರಲ್ಲಿ ಕೆಂಪು ಮಣ್ಣು, ಸೆರಗಲ್ಲಿ ಒಂದು ಗಂಟು ಕಾಯಿ. ಬಳ್ಳಿಯ ಮೆದೆಯಲ್ಲಿ ಚೇಳು ಕಡಿದವರು, ಗುದ್ದಲಿ ಏಟು ಬಿದ್ದವರು, ಎತ್ತು ಹಾಯಿಸಿಕೊಂಡವರು. ದಿನಕ್ಕೆ ಹತ್ತು ಹನ್ನೆರಡು ಜನ. ನನಗೆ ಕೆಲಸ ಬರುತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಕೆಲಸ ಬಲ್ಲವಳೆಂಬ ಜಂಬ ಅದಕ್ಕಿಂತ ಹೆಚ್ಚಿತ್ತು.

ಅಲ್ಲಿ ತಿಪ್ಪಮ್ಮ ಎಂಬ ಆಯಾ ಇದ್ದಳು. ಐವತ್ತರ ಮೇಲಿನ ಹೆಂಗಸು, ಮತ್ತೋಡಿನ ಕಡೆಯವಳು, ಆಸ್ಪತ್ರೆ ಕಟ್ಟಿದಾಗಿನಿಂದ ಅಲ್ಲೇ ಇದ್ದವಳು. ಅವಳ ಹತ್ತಿರ ಒಂದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಅರಿಶಿನ ಬಳಿದ ದಾರದ ಉಂಡೆ, ಒಂದು ತುಂಡು ಕೆಂಪು ಸೋಪು, ಎರಡು ಅರಿಶಿನದ ಕೊಂಬು. ಕೈಗೆ ಪೆಟ್ಟಾದ ಹೆಂಗಸರು ಬಂದರೆ ಬಳೆ ತೆಗೆಯುವ ಕೆಲಸ ತಿಪ್ಪಮ್ಮನದು. ಮೊದಲು ಮಣಿಕಟ್ಟಿಗೆ ಅರಿಶಿನದ ದಾರ ಸುತ್ತುವಳು. ಆಮೇಲೆ ಸೋಪು ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ನಿನ್ನ ಗಂಡ ಏನು ಬೇಸಾಯ ಮಾಡ್ತಾನೆ, ಮಕ್ಕಳೆಷ್ಟು ಅಂತ ಮಾತಾಡಿಸುತ್ತ ಒಂದೊಂದೇ ಬಳೆ ಜಾರಿಸುವಳು. ತೆಗೆದದ್ದನ್ನು ಅವರ ಸೆರಗಿಗೇ ಕಟ್ಟಿ ಕೊಡುವಳು. ತೀರಾ ಬಿಗಿಯಾಗಿ ಒಡೆಯಲೇಬೇಕಾಗಿ ಬಂದರೆ ಕೈ ಮೇಲೆ ತನ್ನ ಸೆರಗು ಮುಚ್ಚಿ, ಯಾರಿಗೂ ಕಾಣದ ಹಾಗೆ, ಸದ್ದಾಗದ ಹಾಗೆ ಮುರಿಯುವಳು. ಗಾಜಿನ ಬಳೆ ಒಡೆಯುವುದು ಗಂಡ ಸತ್ತ ದಿನ. ಆಸ್ಪತ್ರೆಯಲ್ಲಾದರೂ ಅಷ್ಟೇ, ಕೈ ಮುರಿದರೂ ಅಷ್ಟೇ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ನಾನೂ ಇದೇ ಸೀಮೆಯ ಮಗಳು. ಗೊತ್ತಿದ್ದೂ ನನಗದು ಅಸಹ್ಯವಾಗಿತ್ತು. ಡ್ಯೂಟಿಯಲ್ಲಿ ಬಳೆ ಹಾಕಬಾರದು, ನನ್ನ ಕೈ ಬೋಳು, ಆ ಬೋಳು ಕೈಯೇ ನನಗೆ ಮೆಡಲು.

ಒಂದು ದಿನ ಕುದಿಸಿ ಇಟ್ಟ ಸಾಮಾನಿನ ಟ್ರೇ ಮೇಲೆ ಅರಿಶಿನದ ಪುಡಿ ಉದುರಿದ್ದು ಕಂಡಿತು. ತಿಪ್ಪಮ್ಮನನ್ನು ಕಿಟಕಿಯ ಜನದ ಎದುರಿಗೇ ಬೈದು, ಡಬ್ಬಿ ಎತ್ತಿ ಹಿತ್ತಲಿನ ಕಸದ ಗುಂಡಿಗೆ ಎಸೆದೆ. ಅವಳು ಎದುರಾಡಲಿಲ್ಲ. ದಾರ ನಿಮಗೇನು ಮಾಡಿತ್ತು ಸಿಸ್ಟರಮ್ಮ ಎಂದಷ್ಟೇ ಕೇಳಿ ನೀರು ಸೇದಲು ಹೋದಳು. ಅದಾಗಿ ಒಂದು ವಾರವೂ ತುಂಬಿರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತರ ಸುಮಾರು. ಶೇಂಗಾ ಕೀಳಲು ಮುಯ್ಯಾಳುಗಳನ್ನು ತುಂಬಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರು ಕೆರೆ ಏರಿಯ ತಿರುವಿನಲ್ಲಿ ಮಗುಚಿಕೊಂಡಿತ್ತು. ಹಿಂದೆ ಬಂದ ಲಾರಿಯವರು ಗಾಯಗೊಂಡವರನ್ನು ತಂದು ಇಳಿಸಿದರು. ನಾಲ್ಕು ಜನಕ್ಕೆ ತರಚು ಗಾಯ. ಇಬ್ಬರಿಗೆ ಜೋರು ಪೆಟ್ಟು, ಅವರು ಗಂಡ ಹೆಂಡತಿ. ರಾಮಗಿರಿಯಿಂದ ಎರಡು ಮೈಲಿ ಒಳಗಿರುವ ಒಂದು ಕುರಿಗಾಹಿಗಳ ಹಟ್ಟಿಯವರು. ಗಂಡ ಬೀರಪ್ಪ, ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ಇಲ್ಲ, ಕಿವಿಯಲ್ಲಿ ರಕ್ತ. ಹೆಂಡತಿ ಕೆಂಚಮ್ಮ, ಎಡ ಮುಂಗೈ ಟ್ರೇಲರಿನ ಹಲಗೆಯಡಿ ಸಿಕ್ಕಿ ಜಜ್ಜಿತ್ತು, ಪ್ರಜ್ಞೆ ಪೂರಾ ಇತ್ತು.

ಡಾಕ್ಟರು ಓಡಿ ಬಂದು ಇಬ್ಬರನ್ನೂ ನೋಡಿದರು. ಬೀರಪ್ಪನನ್ನು ಚಿತ್ರದುರ್ಗಕ್ಕೆ ಕಳಿಸದೆ ಗತಿಯಿಲ್ಲ, ಯಾರದಾದರೂ ಜೀಪು ತನ್ನಿ ಎಂದು ಜನ ಅಟ್ಟಿದರು. ಅಲ್ಲಿಯವರೆಗೆ ಒಳಗಿನ ವಾರ್ಡಿನಲ್ಲಿ ಮಲಗಿಸೋಣವೆಂದು ಅವನನ್ನು ಸ್ಟ್ರೆಚರಿಗೆ ಹಾಕಿದರು. ಒಂದು ತುದಿ ಹಿಡಿದವಳು ತಿಪ್ಪಮ್ಮ. ಹೋಗುವಾಗ ಡಾಕ್ಟರು ನನಗೆ ಎರಡು ಮಾತು ಹೇಳಿದರು. ಎಡಗೈ ಊದುತ್ತಿದೆ, ಬಳೆ ತೆಗೆಯಿರಿ. ಸಲೈನ್ ಹಾಕಿ. ಅಷ್ಟೇ.

ಎಡಗೈಯಲ್ಲಿ ಅರ್ಧ ಬಳೆ ಆಗಲೇ ಒಡೆದಿದ್ದವು, ಉಳಿದವು ಊದಿದ ಮಾಂಸದಲ್ಲಿ ಹೂತು ಬೆರಳು ನೀಲಿಯಾಗಿದ್ದವು. ಇಕ್ಕಳದಿಂದ ಚಟಚಟನೆ ಮುರಿದು ತೆಗೆದೆ. ಕೆಂಚಮ್ಮ ಹಲ್ಲು ಕಚ್ಚಿಕೊಂಡಿದ್ದಳು, ಒಂದು ಮಾತು ಆಡಲಿಲ್ಲ. ಆ ಕೈಯ ಬಗ್ಗೆ ನನಗೆ ಇವತ್ತಿಗೂ ಸಂಕಟವಿಲ್ಲ. ಅದನ್ನು ಯಾರಿದ್ದರೂ ಹಾಗೇ ಮಾಡುತ್ತಿದ್ದರು.

ಬಲಗೈಗೆ ಏನೂ ಆಗಿರಲಿಲ್ಲ. ಮೊಳಕೈತನಕ ಮಣ್ಣು ಮೆತ್ತಿದ ಗಟ್ಟಿ ಕೈ, ಅದರಲ್ಲಿ ಒಂದು ಡಜನ್ ಹಸಿರು ಬಳೆ. ಹಬ್ಬಕ್ಕೆ ಹೊಸದಾಗಿ ಇಡಿಸಿಕೊಂಡದ್ದಿರಬೇಕು, ಹೊಳೆಯುತ್ತಿದ್ದವು. ಸಲೈನ್ ಸೂಜಿ ಚುಚ್ಚಬೇಕಾದದ್ದು ಅದೇ ಕೈಗೆ. ಬಳೆ ಮೇಲಕ್ಕೆ ಸರಿಸಿ ಬಟ್ಟೆ ಸುತ್ತಿ ಕಟ್ಟಿದ್ದರೆ ಆಗುತ್ತಿತ್ತು. ಮೊಳಕೈ ಹತ್ತಿರ ಚುಚ್ಚಿದ್ದರೂ ಆಗುತ್ತಿತ್ತು. ಸೋಪು ಹಚ್ಚಿ ತೆಗೆದಿದ್ದರೂ ಆಗುತ್ತಿತ್ತು. ಕೈಯಲ್ಲಿ ಇಕ್ಕಳ ಇತ್ತು, ನಾನು ಆ ಕೈಯನ್ನೂ ಎಳೆದುಕೊಂಡೆ.

ಆಗ ಅವಳು ಮಾತಾಡಿದಳು. “ಬ್ಯಾಡ್ರಿ ಸಿಸ್ಟರಮ್ಮ. ಈ ಕೈಗೇನೂ ಆಗಿಲ್ಲ. ಸೋಪು ಹಚ್ಚಿ ತೆಗೀರಿ, ನಾನು ಸುಮ್ಕಿರ್ತೀನಿ.”

ಸೋಪು ಮೇಜಿನ ಆಚೆ ತುದಿಯಲ್ಲಿತ್ತು. ಸುಮ್ಮನೆ ಮಲಕ್ಕೊ, ಪ್ರಾಣ ದೊಡ್ಡದೋ ಬಳೆ ದೊಡ್ಡದೋ ಎಂದು ಗದರಿಸಿದೆ. ಕಿಟಕಿಯವರಿಗೂ ಕೇಳಲಿ, ಕಲಿಯಲಿ ಎಂಬಂತೆ ಜೋರಾಗಿಯೇ ಗದರಿಸಿದೆ. ಒಂದೊಂದಾಗಿ ಹನ್ನೆರಡನ್ನೂ ಮುರಿದು ಎನಾಮಲ್ ಟ್ರೇಗೆ ಹಾಕಿದೆ. ಅವಳು ಕಣ್ಣು ಮುಚ್ಚಿಕೊಂಡು ಮುಖ ಗೋಡೆಯ ಕಡೆ ತಿರುಗಿಸಿದಳು. ಕಿಟಕಿಯಲ್ಲಿ ಒಬ್ಬ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಸರಿದು ಹೋದದ್ದು ಕಂಡೆ. ಅದರ ಅರ್ಥ ನನಗೆ ಅರ್ಧ ಗಂಟೆ ಬಿಟ್ಟು ತಿಳಿಯಿತು.

ಹಟ್ಟಿಯಿಂದ ಬೀರಪ್ಪನ ತಾಯಿ ಈರಮ್ಮ ಬಂದಳು. ಅವಳ ಹಿಂದೆ ಏಳೆಂಟು ಜನ ಗಂಡಸರು, ಹೆಗಲ ಮೇಲೆ ಕಂಬಳಿ. ಬಳೆ ಒಡೆದ ಸುದ್ದಿ ದಾರಿಯಲ್ಲೇ ಅವರಿಗೆ ಸಿಕ್ಕಿ, ಮಗ ಹೋದನೆಂದೇ ಎದೆ ಬಡಿದುಕೊಳ್ಳುತ್ತ ಬಂದಿದ್ದಳು. ಡಾಕ್ಟರು ವಾರ್ಡಿಗೆ ಕರೆದುಕೊಂಡು ಹೋಗಿ ಮಗನ ಎದೆ ಏರಿಳಿಯುವುದನ್ನು ತೋರಿಸಿದ ಮೇಲೆ ಅಳು ನಿಂತಿತು. ನಿಂತ ಅಳು ಸಿಟ್ಟಾಯಿತು. ನೆಟ್ಟಗೆ ಮುಂದಲ ರೂಮಿಗೆ ಬಂದು ಸೊಸೆಯ ಮಂಚದ ಪಕ್ಕ ನಿಂತಳು. ಎಡಗೈಯ ಬ್ಯಾಂಡೇಜು ನೋಡಿದಳು. ಬಲಗೈ ಎತ್ತಿ ಹಿಡಿದಳು.

“ಒಂದ್ ಕೈ ಜಜ್ಜೋಗೈತೆ, ಕಾಣ್ತೈತೆ. ಈ ಕೈಗೇನಾಗಿತ್ತು? ಈ ಕೈ ಬಳೆ ಯಾಕ್ ಒಡೆದ್ರಿ? ನನ್ ಮಗ ಇನ್ನೂ ಉಸಿರಾಡ್ತಾ ಅವ್ನೆ.”

ನನ್ನನ್ನೇ ಕೇಳಿದ್ದು. ಅವಳ ಬೆನ್ನಿಗೆ ಗಂಡಸರು ಬಾಗಿಲು ತುಂಬ ನಿಂತಿದ್ದರು. ಸಲೈನ್ ಹಾಕಬೇಕಿತ್ತು, ಅವಸರದಲ್ಲಿ ಮುರಿದೆ, ತಪ್ಪಾಯಿತು ಎಂದಿದ್ದರೆ ಬೈಯುತ್ತಿದ್ದರು, ಇಬ್ಬರು ಕೂಗಾಡುತ್ತಿದ್ದರು, ಡಾಕ್ಟರು ಬಂದು ಸಮಾಧಾನ ಮಾಡುತ್ತಿದ್ದರು. ಅಷ್ಟರಲ್ಲೇ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ.

“ಅವಳೇ ತೆಗೀರಿ ಅಂದಳು. ನೋವು ತಡೆಯೋಕಾಗಲ್ಲ, ಎರಡೂ ಕೈದು ತೆಗೀರಿ ಅಂತ ಅವಳೇ ಕೇಳಿದಳು.”

ಈರಮ್ಮ ಸೊಸೆಯ ಕಡೆ ತಿರುಗಿ ಹೌದೇನೇ ಎಂದು ಕೇಳಿದಳು. ಕೆಂಚಮ್ಮ ನನ್ನ ಮುಖ ನೋಡಿದಳು. ಬೈಯುವ ನೋಟವಲ್ಲ, ಬೇಡುವ ನೋಟವೂ ಅಲ್ಲ, ಏನನ್ನೋ ಅಳೆದು ನೋಡಿದ ಹಾಗಿತ್ತು. ಆಮೇಲೆ ಹೂಂ ಅಂದಳು.

ಈರಮ್ಮ ಆ ಕೈಯನ್ನು ಮಂಚದ ಮೇಲೆ ಬಿಟ್ಟಳು. ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಒಬ್ಬ ಸಾಹುಕಾರರ ಜೀಪು ಬಂತು, ಬೀರಪ್ಪನನ್ನು ಹಾಕಿಕೊಂಡು ತಾಯಿಯೂ ಗಂಡಸರೂ ಚಿತ್ರದುರ್ಗಕ್ಕೆ ಹೋದರು. ಸೊಸೆಯ ಹತ್ತಿರ ಯಾರೂ ಉಳಿಯಲಿಲ್ಲ.

ಅಪಘಾತವಾದ್ದರಿಂದ ಪೊಲೀಸರು ಬಂದು ರಿಜಿಸ್ಟರು ನೋಡುವವರಿದ್ದರು. ಕುಳಿತು ಬರೆದೆ. ಹೆಸರು, ವಯಸ್ಸು, ಊರು, ಗಾಯದ ವಿವರ. ಕೊನೆಗೆ, ರೋಗಿಯ ಕೋರಿಕೆಯ ಮೇರೆಗೆ ಎರಡೂ ಕೈಗಳ ಬಳೆ ತೆಗೆಯಲಾಯಿತು ಎಂದು ಸೇರಿಸಿದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಡಾಕ್ಟರು ಆಗಾಗ ಹೊಗಳುತ್ತಿದ್ದರು. ಆ ಸಾಲನ್ನೂ ಚೆನ್ನಾಗಿಯೇ ಬರೆದೆ. ತಿಪ್ಪಮ್ಮ ಟ್ರೇ ತೊಳೆಯಲು ಬಂದವಳು ಹಸಿರು ಚೂರುಗಳನ್ನು ನೋಡಿದಳು, ಕೆಂಚಮ್ಮನ ಬಲಗೈ ನೋಡಿದಳು, ನನ್ನನ್ನು ನೋಡಲಿಲ್ಲ. ಚೂರುಗಳನ್ನು ಗಾಯಕ್ಕೆ ಕಟ್ಟುವ ಬಟ್ಟೆಯಲ್ಲಿ ಸುತ್ತಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಸದ ಗುಂಡಿಗೆ ಹಾಕುವ ಪದಾರ್ಥ ಅದಲ್ಲ.

ಮೂರನೇ ದಿನ ಬೀರಪ್ಪ ಚಿತ್ರದುರ್ಗದಲ್ಲಿ ತೀರಿಕೊಂಡ. ಅವನು ಉಳಿಯುವುದು ಕಷ್ಟವೆಂದು ಡಾಕ್ಟರಿಗೆ ಮೊದಲೇ ಗೊತ್ತಿತ್ತು. ಒಳಗೆ ರಕ್ತ ಕಟ್ಟಿಕೊಂಡ ತಲೆಗೂ ಹೆಂಡತಿಯ ಬಳೆಗೂ ಸಂಬಂಧವಿಲ್ಲವೆಂಬುದು ನನಗೆ ಪುಸ್ತಕ ನೋಡದೆ ಗೊತ್ತಿತ್ತು. ಹಟ್ಟಿಯಲ್ಲಿ ಅದನ್ನು ಹೇಳುವವರು ಯಾರು? ಗಂಡನಲ್ಲಿ ಉಸಿರಿರುವಾಗಲೇ ಬಾಯಿ ಬಿಟ್ಟು ಕೇಳಿ ಬಳೆ ಒಡೆಸಿಕೊಂಡವಳು ಎಂಬ ಮಾತು ಹಬ್ಬಿತು. ಕೇಳಿಸಿಕೊಂಡವರು ಏಳೆಂಟು ಜನ ಗಂಡಸರು, ಒಪ್ಪಿಕೊಂಡವಳು ಅವಳೇ. ಇನ್ನೇನು ಸಾಕ್ಷಿ ಬೇಕು? ಮಣ್ಣಿಗೂ ಅವಳನ್ನು ಕರೆಯಲಿಲ್ಲ. ಮೂರು ವರ್ಷದ ಮಗಳನ್ನು ಅಜ್ಜಿ ತನ್ನ ಹತ್ತಿರ ಇಟ್ಟುಕೊಂಡಳು. ಕೆಂಚಮ್ಮನ ಅಪ್ಪ ಬಂದು ಅವಳನ್ನು ತವರಿಗೆ ಕರೆದುಕೊಂಡು ಹೋದ.

ತವರಿನಿಂದ ಎರಡು ದಿನಕ್ಕೊಮ್ಮೆ ಅಪ್ಪನ ಜೊತೆ ಬಸ್ಸಿನಲ್ಲಿ ಬಂದು ಕೈಗೆ ಡ್ರೆಸ್ಸಿಂಗ್ ಮಾಡಿಸಿಕೊಂಡು ಹೋಗುತ್ತಿದ್ದಳು. ಮುಂದಲ ರೂಮಿನ ಅದೇ ಮಂಚ. ನಾನೇ ಬಿಚ್ಚಬೇಕು, ನಾನೇ ತೊಳೆಯಬೇಕು, ನಾನೇ ಕಟ್ಟಬೇಕು. ಬೇರೆ ನರ್ಸಿಗೆ ಒಪ್ಪಿಸಲು ನೋಡಿದೆ, ಅವಳ ಡ್ಯೂಟಿ ಹೊಂದಲಿಲ್ಲ. ಕೆಂಚಮ್ಮ ನನ್ನನ್ನು ಒಂದು ದಿನವೂ ದೂರಲಿಲ್ಲ. ಬಂದರೆ ಚೆನ್ನಾಗಿದೀರಾ ಸಿಸ್ಟರಮ್ಮ ಅನ್ನುವಳು. ಅಪ್ಪ ಒಂದು ಟವೆಲ್ಲಿನಲ್ಲಿ ಹಸಿ ಶೇಂಗಾ ತಂದು ಮೇಜಿನ ಮೇಲೆ ಇಡುವನು. ಅದನ್ನು ನಾನು ಮುಟ್ಟದೆ ಬಿಟ್ಟೆ ಎಂದು ಬರೆದರೆ ಚೆನ್ನಾಗಿ ಕಾಣುತ್ತಿತ್ತು. ಬೇಯಿಸಿಕೊಂಡು ತಿಂದೆ.

ನಾಲ್ಕನೆಯದೋ ಐದನೆಯದೋ ಡ್ರೆಸ್ಸಿಂಗಿನ ದಿನ ಅವಳು ಬಾಯಿ ಬಿಟ್ಟಳು. ತಿಥಿ ಮುಗಿದಿದೆ, ಬರುವ ಭಾನುವಾರ ಹಟ್ಟಿಯ ಹಿರಿಯರು ಸೇರುತ್ತಾರೆ, ಅವಳನ್ನು ಮನೆಗೆ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಅವತ್ತು ತೀರ್ಮಾನ. ಸೇರಿಸಿಕೊಳ್ಳದಿದ್ದರೆ ಮಗಳು ಅಲ್ಲಿ, ಇವಳು ಇಲ್ಲಿ.

“ನಾನ್ ಕೇಳ್ಲಿಲ್ಲ ಅಂತ ನೀವೊಂದ್ ಮಾತು ಬಂದು ಹೇಳ್ರಿ, ಸಾಕು. ನಾನೇ ಹೂಂ ಅಂದಿದೀನಿ, ಇನ್ ನನ್ ಮಾತು ಯಾರ್ ಕೇಳ್ತಾರೆ? ನೀವು ಓದಿದೋರು, ನಿಮ್ ಮಾತು ನಂಬ್ತಾರೆ.”

ಬರುತ್ತೇನೆ ಎಂದೆ. ಅಪ್ಪ ಎದ್ದು ನಿಂತು ಎರಡೂ ಕೈ ಜೋಡಿಸಿದ.

ಅವತ್ತೇ ಡಾಕ್ಟರಿಗೆ ವಿಷಯ ತಿಳಿಸಿದೆ, ಪೂರಾ ಅಲ್ಲ, ಅಷ್ಟಿಷ್ಟು. ರಿಜಿಸ್ಟರಿನಲ್ಲಿ ಬರೆದದ್ದು ಒಂದು, ಊರವರ ಮುಂದೆ ಹೇಳುವುದು ಇನ್ನೊಂದು ಆದರೆ ನಾಳೆ ಪೊಲೀಸರಿಗೆ ಏನು ಉತ್ತರ ಕೊಡುತ್ತೀರಿ ಎಂದರು. ಬೇಡ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. ತಿಪ್ಪಮ್ಮ ಜೊತೆಗೆ ಬರಲು ಸಿದ್ಧಳಿದ್ದಳು. ಹೋಗಾಣ ಬರ್ರಿ, ನಾನೂ ಬರ್ತೀನಿ ಎಂದು ಅವಳಾಗಿಯೇ ಅಂದಳು. ನಾನೊಬ್ಬಳೇ ಹೋಗುತ್ತೇನೆ ಎಂದೆ. ಯಾಕೆ ಹಾಗಂದೆನೆಂದು ನನಗೆ ಆಗಲೇ ಗೊತ್ತಿತ್ತು. ಜೊತೆಯಲ್ಲಿ ಅವಳಿದ್ದರೆ ಹಿಂದೆ ತಿರುಗಲು ಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಒಗೆದ ಸೀರೆ ಉಟ್ಟು ಬಸ್ಸು ಹತ್ತಿದೆ. ರಾಮಗಿರಿಯಲ್ಲಿ ಇಳಿದೆ. ಹಟ್ಟಿಗೆ ದಾರಿ ಕ್ರಾಸಿನಲ್ಲೇ ಕಾಣುತ್ತಿತ್ತು, ಕೆಂಪು ಮಣ್ಣಿನ ಗಾಡಿ ಜಾಡು, ಎರಡೂ ಕಡೆ ಶೇಂಗಾ ಕಿತ್ತು ಬೋಳಾದ ಹೊಲ. ಒಬ್ಬ ಅಜ್ಜ ತಾನಾಗಿಯೇ, ಹಟ್ಟಿಗೇನಮ್ಮ, ನಾನೂ ಅಲ್ಲಿಗೇ, ಬರ್ರಿ ಎಂದು ಕರೆದ. ಇಲ್ಲ, ರೈಲಿಗೆ ಹೋಗಬೇಕು ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬರುತ್ತಿತ್ತು ಆ ತಿಂಗಳು. ಹೇಳಿದ ಮೇಲೆ ಸ್ಟೇಷನ್ನಿನ ಕಡೆ ಹೋಗಲೇಬೇಕಾಯಿತು. ಅಲ್ಲಿ ಕಲ್ಲು ಬೆಂಚಿನ ಮೇಲೆ ಕುಳಿತೆ. ಎದುರಿಗೆ ಗುಡ್ಡ, ಅದರ ಮೇಲೆ ಬಿಸಿಲು. ಇನ್ನೊಂದು ಸ್ವಲ್ಪ ಹೊತ್ತು ಕೂತು ಹೋಗುತ್ತೇನೆ, ಮಾತು ಜೋಡಿಸಿಕೊಂಡು ಹೋಗುತ್ತೇನೆ ಎಂದುಕೊಂಡೆ. ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಕೆಂಚಮ್ಮನಲ್ಲ, ಅವಳ ಮಗಳೂ ಅಲ್ಲ. ಕಂಬಳಿಯ ಮೇಲೆ ಸಾಲಾಗಿ ಕುಳಿತ ಹಿರಿಯರ ನಡುವೆ ತಲೆ ತಗ್ಗಿಸಿ ನಿಂತ ನಾನು. ಯಾರಿಗಾಗಿ ನಾನು ಬೋರ್ಡು ಬರೆಸಿ ಹಾಕಿದ್ದೆನೋ ಆ ಜನ ಅವರು. ಅವರೆದುರು ಸುಳ್ಳಿ ಅನಿಸಿಕೊಳ್ಳುವುದು ಹೇಗೆ? ಒಂದು ಗೂಡ್ಸ್ ಗಾಡಿ ಹೋಯಿತು. ಮಧ್ಯಾಹ್ನವಾಯಿತು. ವಾಪಸು ಬಸ್ಸಿನ ಹೊತ್ತಿಗೆ ಎದ್ದು ಕ್ರಾಸಿಗೆ ಹೋಗಿ ನಿಂತೆ.

ಎರಡು ದಿನ ಬಿಟ್ಟು ಕೆಂಚಮ್ಮ ಬಂದಳು. ಗಾಯ ಮಾಗಿತ್ತು, ಅದೇ ಕೊನೆಯ ಡ್ರೆಸ್ಸಿಂಗು. ಡ್ಯೂಟಿ ಬಿತ್ತು ಎಂದೆ. ಆಗ್ಲಿ ಬಿಡ್ರಿ ಎಂದಳು. ಹಿರಿಯರು ಮಧ್ಯಾಹ್ನದತನಕ ಕಾದಿದ್ದರಂತೆ. ಸಿಸ್ಟರಮ್ಮ ಬಂದು ಹೇಳುತ್ತಾಳೆ ಎಂದು ಇವಳು ಹೇಳಿದ್ದಳು, ಈರಮ್ಮ ಕೂಡ ಎರಡು ಸಲ ಎದ್ದು ದಾರಿ ನೋಡಿದ್ದಳಂತೆ. ಆಮೇಲೆ ತೀರ್ಮಾನ ಮಾಡಿ ಎದ್ದರು. ಏನು ತೀರ್ಮಾನವೆಂದು ನಾನು ಕೇಳಲಿಲ್ಲ, ಅವಳ ಅಪ್ಪನ ಮುಖದಲ್ಲಿ ಬರೆದಿತ್ತು.

ಬ್ಯಾಂಡೇಜಿನ ಗಂಟು ಹಾಕುವಾಗ ತಲೆ ಎತ್ತದೆ ಒಂದು ಪ್ರಶ್ನೆ ಕೇಳಿದೆ. ಅವತ್ತು ನೀನು ಇಲ್ಲ ಅನ್ನಬಹುದಿತ್ತು, ಯಾಕೆ ಹೂಂ ಅಂದೆ?

ನನಗೆ ಗೊತ್ತಿರಬೇಕಾದದ್ದನ್ನೇ ಕೇಳಿದ ಹಾಗೆ ಅವಳು ನೋಡಿದಳು. “ಅವರಿನ್ನೂ ಒಳಗೇ ಮಲಗಿದ್ರಲ್ರಿ. ನಾನು ಇಲ್ಲ ಅಂದಿದ್ರೆ ಅತ್ತೆ ನಿಮ್ ಮ್ಯಾಲೆ ಜಗಳಕ್ ಬರೋರು. ನಿಮಗ್ ಸಿಟ್ ಬಂದು ಅವರ್ನ ಸರ್ಯಾಗಿ ನೋಡ್ದೆ ಬಿಟ್ರೆ ಏನ್ ಮಾಡಾದು ಅಂತ ಹೂಂ ಅಂದೆ.”

ಅವಳು ಅವತ್ತು ನನ್ನ ಮುಖದಲ್ಲಿ ಅಳೆದದ್ದು ಅದು. ಗಂಡನ ಪ್ರಾಣ ನನ್ನ ಕೈಯಲ್ಲಿದೆ, ಈ ಕೈಯನ್ನು ಎದುರು ಹಾಕಿಕೊಳ್ಳಬಾರದು ಎಂದು ಅವಳು ಲೆಕ್ಕ ಹಾಕಿದ್ದಳು. ಅವಳು ಹೂಂ ಅಂದ ಹೊತ್ತಿನಲ್ಲಿ ನಾನು ಬೀರಪ್ಪನ ಮಂಚದ ಹತ್ತಿರಕ್ಕೂ ಹೋಗಿರಲಿಲ್ಲ. ಆಮೇಲೂ ಹೋಗಲಿಲ್ಲ, ರಿಜಿಸ್ಟರು ಬರೆಯುತ್ತ ಕುಳಿತಿದ್ದೆ.

ಇದನ್ನಾದರೂ ಕೇಳಿದ ಮೇಲೆ ಹಟ್ಟಿಗೆ ಓಡಬೇಕಿತ್ತು. ಓಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಹಿರಿಯೂರಿನ ಕಡೆ ಬೇರೆ ಕೆಲಸ ಹುಡುಕಿಕೊಂಡು ಹೊರಟೆ. ಹೊರಡುವ ದಿನ ತಿಪ್ಪಮ್ಮ ಬಸ್ಸಿನತನಕ ನನ್ನ ಟ್ರಂಕು ಹೊತ್ತು ತಂದಳು. ಕೆಂಚಮ್ಮ ಅಮಾವಾಸ್ಯೆಗೊಮ್ಮೆ ಹಟ್ಟಿಗೆ ಬರುತ್ತಾಳಂತೆ, ಬೇಲಿಯ ಹೊರಗೆ ನಿಂತು ಮಗಳನ್ನು ನೋಡಿಕೊಂಡು ಹೋಗುತ್ತಾಳಂತೆ, ಒಳಕ್ಕೆ ಕರೆಯುವವರಿಲ್ಲ ಎಂದು ಸುಮ್ಮನೆ ಸುದ್ದಿ ಹೇಳುವ ಹಾಗೆ ಹೇಳಿದಳು. ನಾನು ಬಸ್ಸಿನ ಕಿಟಕಿ ಪಕ್ಕ ಕೂತು ಹೂಂಗುಟ್ಟಿದೆ. ಕೆಂಚಮ್ಮನ ಬಗ್ಗೆ ನಾನು ಕೇಳಿದ ಕೊನೆಯ ಸುದ್ದಿ ಅದು. ಆಮೇಲೆ ಸರ್ಕಾರಿ ಕೆಲಸವಾಯಿತು, ಮದುವೆಯಾಯಿತು, ಊರೂರು ತಿರುಗಿದೆ. ಹೊಸಬರಿಗೆ ಪಾಠ ಹೇಳಿಕೊಡುವಾಗ ಬಳೆ ತೆಗೆಯುವುದನ್ನು ಸೋಪಿನಿಂದಲೇ ಕಲಿಸಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ.

ಸೀಮಂತದ ಮನೆಯಲ್ಲಿ ಊಟಕ್ಕೆ ಏಳುವ ಮೊದಲು ಬಸುರಿ ಹುಡುಗಿ ಬಲಗೈ ಬಳೆ ಬಿಗಿಯಾಗುತ್ತಿದೆ ಅಂದಳು. ಏಳು ತಿಂಗಳ ಕೈ, ನೀರು ತುಂಬಿ ಸ್ವಲ್ಪ ಊದಿತ್ತು. ಮಲಾರ ಕಟ್ಟುತ್ತಿದ್ದ ಬಳೆಗಾರ ಬಟ್ಟಲು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಕೈಗೆ ಸೋಪು ಸವರಿ, ಹೆಬ್ಬೆರಳು ಒಳಗೆ ಮಡಿಸಿ, ಹೊಳಲ್ಕೆರೆಗೆ ಎಷ್ಟು ಗಂಟೆಗೆ ಬಸ್ಸು ಐತ್ರಿ ಎಂದು ತಮ್ಮನ ಹೆಂಡತಿಯನ್ನು ವಿಚಾರಿಸುತ್ತಲೇ ಬಳೆ ಜಾರಿಸತೊಡಗಿದ. ನಾನು ಕೈಗಡಿಯಾರ ನೋಡಿದೆ, ನಾಡಿ ಎಣಿಸಿ ಎಣಿಸಿ ಬಂದ ಅಭ್ಯಾಸ. ಹನ್ನೆರಡು ಬಳೆ ತೆಗೆಯಲು ಅವನಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಒಂದೂ ಒಡೆಯಲಿಲ್ಲ.

ಅವಳು ಕೇಳಿರಲಿಲ್ಲ ಎಂದು ನನ್ನ ಬಾಯಿಂದ ಬಂತು. ಯಾರಜ್ಜಿ, ಏನು ಕೇಳಿರಲಿಲ್ಲ ಎಂದಳು ಹುಡುಗಿ. ಕೆಂಚಮ್ಮ ಎಂದೆ. ಆ ಹೆಸರನ್ನು ಅಷ್ಟು ವರ್ಷ ಬಾಯಿ ಬಿಟ್ಟು ಹೇಳಿರಲಿಲ್ಲ. ಆಮೇಲೆ ಜಮಖಾನೆಯ ಮೇಲೆ ಕುಳಿತು ಇಲ್ಲಿ ಬರೆದಷ್ಟನ್ನೂ ಹೇಳಿದೆ. ಬಳೆಗಾರ ಬಸ್ಸು ಮರೆತು ಕೇಳಿಸಿಕೊಂಡ. ಮುಗಿದ ಮೇಲೆ ತಮ್ಮನ ಹೆಂಡತಿ ನನ್ನ ಬೆನ್ನ ಮೇಲೆ ಕೈಯಿಟ್ಟು, ಹೋಗಲಿ ಬಿಡಿ ಅತ್ತಿಗೆ, ನಿಮಗಾಗ ಚಿಕ್ಕ ವಯಸ್ಸು ಎಂದಳು.

ನನಗೆ ಇಪ್ಪತ್ಮೂರು. ಕೆಂಚಮ್ಮನಿಗೆ ಇಪ್ಪತ್ತು. ರಿಜಿಸ್ಟರಿನಲ್ಲಿ ನಾನೇ ಬರೆದಿದ್ದೆ.